ಇದ್ದಲ್ಲಿ, ಇದ್ದುದರಿಂದ

ಪರಸ್ಥಳದಲ್ಲಿ ಬಿಡಾರ ಹೂಡಿದ ಕನ್ನಡ ಸಂಸಾರಗಳಲ್ಲಿ ಒಂದು ಮಾತು ಮನೆದೇವರ ಹೆಸರಿನಷ್ಟೇ ರೂಢಿಯಾಗಿರುತ್ತದೆ: “ಊರಿಗೆ ಹೋದ ಮೇಲೆ ನೋಡೋಣ.” ಸಂಗೀತ ಕಲಿಯುವುದು ಊರಿಗೆ ಹೋದ ಮೇಲೆ. ಮಗಳಿಗೆ ಕನ್ನಡ ಓದಿಸುವುದು ಊರಿಗೆ ಹೋದ ಮೇಲೆ. ಹತ್ತು ಜನರನ್ನು ಕರೆದು ಭಜನೆ ನಡೆಸುವುದು, ನಾಲ್ಕು ಹೂವಿನ ಗಿಡ ಹಚ್ಚುವುದು, ಅರ್ಧಕ್ಕೆ ಬಿಟ್ಟ ಬರವಣಿಗೆಯನ್ನು ಮುಂದುವರಿಸುವುದು, ಎಲ್ಲವೂ ಊರಿಗೆ ಹೋದ ಮೇಲೆ. ಹೀಗೆನ್ನುತ್ತಲೇ ಪುಣೆಗೆ ಬಂದು ಮೂವತ್ತು ವರ್ಷ ಕಳೆಯುತ್ತವೆ. ಮಕ್ಕಳು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಮತ್ತೊಂದು ಊರಿಗೆ ನೌಕರಿಗೆ ಹೊರಡುತ್ತಾರೆ. ಊರಿನ ಮನೆ ಅಣ್ಣತಮ್ಮಂದಿರ ಪಾಲಿನಲ್ಲಿ ಹಂಚಿಹೋಗುತ್ತದೆ. ಕೊನೆಗೆ ನೋಡಿದರೆ ಹೋಗಬೇಕೆಂದಿದ್ದ ಊರು ಉಳಿದಿರುವುದಿಲ್ಲ. ಇದ್ದ ಊರಿನಲ್ಲಿ ನಾವು ಬಾಳಿರುವುದಿಲ್ಲ.

ಊರಿನ ನೆನಪು ಕೆಟ್ಟದ್ದೆಂದು ಹೇಳುವ ಉದ್ದೇಶ ಇಲ್ಲಿಲ್ಲ. ಅದು ತವರಿನಿಂದ ತಂದ ಹೆಪ್ಪಿನ ಹಾಗೆ. ಹೊಸ ಊರಿನ ಹಾಲಿಗೆ ಅದನ್ನು ಒಂದು ಚಮಚೆಯಷ್ಟು ಹಾಕಿದರೆ ಬೆಳಗಾಗುವುದರೊಳಗೆ ಗಟ್ಟಿ ಮೊಸರಾಗುತ್ತದೆ. ಬಟ್ಟಲಿನಲ್ಲಿಯೇ ಮುಚ್ಚಿಟ್ಟರೆ ನಾಲ್ಕು ದಿನಕ್ಕೆ ಹುಳಿಯಾಗಿ ಚೆಲ್ಲಬೇಕಾಗುತ್ತದೆ. ಹಾಲು ಇಲ್ಲಿಯದು, ಹೆಪ್ಪು ಅಲ್ಲಿಯದು, ಎರಡೂ ಕೂಡಬೇಕು. ಈ ಕೂಡಿಸುವ ಕೆಲಸವನ್ನು ಸೊಗಸಾಗಿ ಮಾಡಿ ತೋರಿಸಿದ ಕೆಲವರು ನಮ್ಮ ಪುಣೆಯಲ್ಲಿಯೇ ಇದ್ದಾರೆ. ಈ ಸಲ ಅವರನ್ನು ನೆನೆಯೋಣ.

ಮೊದಲು ಸ್ವಲ್ಪ ಹಳೆಯ ಕಾಲಕ್ಕೆ ಹೋಗೋಣ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಹುಡುಗರು ಬಿ.ಎ. ಮಾಡಬೇಕೆಂದರೆ ಗಂಟು ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಬರಬೇಕಾಗಿತ್ತು. ನಮ್ಮಲ್ಲಿ ಕಾಲೇಜಿಲ್ಲ ಎಂಬುದು ಒಂದು ಕೊರತೆ. ಆ ಕೊರತೆಯಿಂದಲೇ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಬಂದವರಲ್ಲಿ ಆಲೂರು ವೆಂಕಟರಾಯರು ಒಬ್ಬರು. ಮರಾಠಿ ಜನ ತಮ್ಮ ಇತಿಹಾಸದ ಅಭಿಮಾನವನ್ನು ಬೆಳೆಸಿಕೊಳ್ಳುತ್ತಿದ್ದ ಊರಿನಲ್ಲಿ ಅವರು ವಿದ್ಯಾರ್ಥಿಯಾಗಿದ್ದರು. ಅದನ್ನು ಕಂಡು ಕರುಬಲಿಲ್ಲ, ತಮ್ಮ ನಾಡಿಗೆ ಅಂಥದ್ದಿಲ್ಲವೆಂದು ಕೈಕಟ್ಟಿ ಕೂಡಲೂ ಇಲ್ಲ. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದು ಕನ್ನಡಿಗರಿಗೆ ಅವರ ಹಿಂದಿನ ಕಥೆಯನ್ನು ಹೇಳಿದರು. ಲೋಕಮಾನ್ಯ ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರೂ ಇವರೇ.

ಆ ‘ಗೀತಾರಹಸ್ಯ’ ಹುಟ್ಟಿದ ಬಗೆಯೂ ನಮ್ಮ ವಿಷಯಕ್ಕೆ ಸಲ್ಲತಕ್ಕದ್ದೇ. 1908ರಲ್ಲಿ ಸರಕಾರ ತಿಲಕರಿಗೆ ಆರು ವರ್ಷಗಳ ಶಿಕ್ಷೆ ವಿಧಿಸಿ ಬ್ರಹ್ಮದೇಶದ ಮಂಡಾಲೆಯ ತುರಂಗಕ್ಕೆ ಕಳಿಸಿತು. ಬರೆಯುವುದಕ್ಕೆ ಶಾಯಿಯಿಲ್ಲ, ಪೆನ್ಸಿಲು ಮಾತ್ರ. ಆ ಪೆನ್ಸಿಲಿನಲ್ಲಿಯೇ ಅವರು ಅಷ್ಟು ದೊಡ್ಡ ಗ್ರಂಥವನ್ನು ಬರೆದಿಟ್ಟರು. ಬಿಡುಗಡೆಯಾಗಿ ಬಂದ ಮೇಲೆ 1915ರಲ್ಲಿ ಅದು ಅಚ್ಚಾಯಿತು. ಪುಣೆಗೆ ಮರಳಿದ ಮೇಲೆ ಬರೆದರಾಯಿತೆಂದು ಅವರೂ ಅಂದುಕೊಂಡಿದ್ದರೆ?

ಅವರು ಮಹಾಪುರುಷರು, ನಮ್ಮ ಪಾಡೇ ಬೇರೆ ಎನ್ನಬಹುದು. ಹಾಗಾದರೆ ಹನ್ನೊಂದು ವರ್ಷದ ಒಬ್ಬ ಹುಡುಗನ ಕಥೆಯನ್ನು ನೋಡಿರಿ.

ಗದಗಿನ ಕಡೆಯ ಹುಡುಗ. ಒಂದು ದಿನ ಉಸ್ತಾದ್ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಅವನ ಕಿವಿಗೆ ಬಿತ್ತು. ಹೀಗೆ ಹಾಡಬೇಕು, ಹೀಗೆ ಹಾಡಿಸುವ ಗುರು ಬೇಕು ಎಂಬ ಹುಚ್ಚು ಹತ್ತಿತು. 1933ರಲ್ಲಿ ಮನೆಯಲ್ಲಿ ಹೇಳದೆ ಓಡಿಹೋದ. ಟಿಕೆಟ್ಟಿಲ್ಲದೆ ರೈಲು ಹತ್ತಿ, ಕೇಳಿದವರಿಗೆ ಹಾಡಿ ತೋರಿಸಿ, ಗ್ವಾಲಿಯರ್ ಮುಂತಾದ ಊರುಗಳನ್ನು ಸುತ್ತಿ, ಕೊನೆಗೆ ಪಂಜಾಬದ ಜಾಲಂಧರದವರೆಗೆ ಹೋದ. ಅಲ್ಲಿಯ ಸಂಗೀತ ಮೇಳಕ್ಕೆ ಪುಣೆಯಿಂದ ಪಂಡಿತ ವಿನಾಯಕರಾವ್ ಪಟವರ್ಧನರು ಬಂದಿದ್ದರು. ಅವರು ಹುಡುಗನ ಊರು ಕೇಳಿ ಆಶ್ಚರ್ಯಪಟ್ಟರು. ನಿನ್ನ ಮನೆಯ ಹತ್ತಿರ ಕುಂದಗೋಳದಲ್ಲಿ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಯಾಕೆ ಅಲೆಯುತ್ತೀ, ಅವರ ಬಳಿಗೆ ಹೋಗು ಎಂದು ತಿಳಿಸಿ ಹೇಳಿದರು. ಸವಾಯಿ ಗಂಧರ್ವರು ಯಾರು? ಹುಡುಗ ಯಾರ ದನಿಗೆ ಮರುಳಾಗಿ ಮನೆ ಬಿಟ್ಟಿದ್ದನೋ ಆ ಅಬ್ದುಲ್ ಕರೀಂ ಖಾನರ ಶಿಷ್ಯರೇ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಕ್ಕಲಾರದು.

ಆ ಹುಡುಗನೇ ಭೀಮಸೇನ ಜೋಶಿ. ಮರಳಿ ಬಂದು, ಗುರುವಿನ ಮನೆಗೆ ನೀರು ಹೊತ್ತು, ಕುಂದಗೋಳದಲ್ಲಿ ಕಲಿತರು. ಮುಂದೆ ಪುಣೆಯಲ್ಲಿ ನೆಲೆಸಿದರು. ಆದರೆ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಪುಣೆಗೆ ಬಂದ ಮೇಲೆ ಅವರು ಈ ಊರು ಏನು ಕೊಡುತ್ತದೆಂದು ನೋಡಿದರು. ಆಷಾಢ ಹತ್ತಿರ ಬಂತೆಂದರೆ ಆಳಂದಿಯಿಂದ ಜ್ಞಾನೇಶ್ವರರ ಪಾಲಕಿ, ದೇಹುವಿನಿಂದ ತುಕಾರಾಮರ ಪಾಲಕಿ ಪುಣೆಗೆ ಬಂದು ತಂಗಿ, ಪಂಢರಪುರದ ದಾರಿ ಹಿಡಿಯುತ್ತವೆ. ಊರಿಗೆ ಊರೇ ವಿಠಲನ ಹೆಸರಿನಲ್ಲಿ ಮುಳುಗುತ್ತದೆ. ಆ ಅಭಂಗಗಳನ್ನು ಭೀಮಸೇನರು ತಮ್ಮ ಗುರು ಕೊಟ್ಟ ಗಾಯನದಲ್ಲಿ ತುಂಬಿದರು. ‘ಸಂತವಾಣಿ’ ಎಂದು ಅದು ಮಹಾರಾಷ್ಟ್ರದ ಮನೆಮನೆಯ ಮಾತಾಯಿತು. ಹಾಗೆಂದು ಕನ್ನಡದ ದಾಸರ ಪದಗಳನ್ನು ಬಿಟ್ಟರೇ? ಅದೂ ಇಲ್ಲ. ಪುರಂದರ ವಿಠಲ, ವಿಜಯ ವಿಠಲ ಎಂದು ಅಂಕಿತವಿಟ್ಟ ನಮ್ಮ ದಾಸರ ದೇವರೂ ಆ ಪಂಢರಪುರದವನೇ ಅಲ್ಲವೇ? ಹೊಸ ಊರು ಕೊಟ್ಟದ್ದರಲ್ಲಿ ಅರ್ಧ ಮೊದಲೇ ತಮ್ಮದಾಗಿತ್ತೆಂಬುದನ್ನು ಅವರು ಕಂಡುಕೊಂಡರು.

ಗುರು ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಪುಣೆಯಲ್ಲಿಯೇ ಅವರ ಹೆಸರಿನ ಸಂಗೀತ ಮಹೋತ್ಸವ ಆರಂಭವಾಯಿತು. ಕುಂದಗೋಳದ ಗುರುವಿನ ಹೆಸರು ಹೊತ್ತ ಆ ಉತ್ಸವಕ್ಕೆ ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಬರುವ ಪುಣೆಯ ರಸಿಕರನ್ನು ನಾವೆಲ್ಲ ಕಂಡಿದ್ದೇವೆ. 2008ರಲ್ಲಿ ಭಾರತರತ್ನ ಘೋಷಣೆಯಾದಾಗ ಕರ್ನಾಟಕ ತನ್ನವರೆಂದಿತು, ಮಹಾರಾಷ್ಟ್ರವೂ ತನ್ನವರೆಂದಿತು. 2011ರಲ್ಲಿ ಅವರು ಪುಣೆಯಲ್ಲಿಯೇ ಕಣ್ಣು ಮುಚ್ಚಿದಾಗ ಎರಡೂ ಮನೆಗಳಲ್ಲಿ ಸೂತಕ.

ಸಂಗೀತ ದೊಡ್ಡದಾಯಿತು, ಅಡಿಗೆಯ ಮಾತಿಗೆ ಬರೋಣ. ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ವೈಶಾಲಿ, ರೂಪಾಲಿಗಳನ್ನು ಬೆಳೆಸಿ, 2023ರಲ್ಲಿ ತೀರಿಕೊಳ್ಳುವಾಗ ಪುಣೆಯ ಮನೆಮಾತಾಗಿದ್ದರು. ವೈಶಾಲಿಗೆ ಹೋದವರು ಇಡ್ಲಿ ದೋಸೆಗಳಷ್ಟೇ ಪ್ರೀತಿಯಿಂದ ಎಸ್‌ಪಿಡಿಪಿ ಕೇಳುತ್ತಾರೆ. ಸೇವು, ಬಟಾಟೆ, ಮೊಸರು, ಪುರಿ ಸೇರಿದ ಆ ತಿಂಡಿ ನಮ್ಮ ಉಡುಪಿಯದಲ್ಲ. ದೋಸೆಯ ಹಂಚನ್ನು ಕೆಳಗಿಳಿಸದೆ, ಊರಿನ ನಾಲಿಗೆ ಬಯಸಿದ್ದನ್ನೂ ಮೇಜಿನ ಮೇಲೆ ತಂದಿಟ್ಟದ್ದರಲ್ಲಿ ಶೆಟ್ಟರ ಜಾಣತನವಿತ್ತು.

ಆದರೆ ಇದ್ದುದರಿಂದ ಬಾಳು ಕಟ್ಟುವುದೆಂದರೇನು ಎಂದು ನಮ್ಮಂಥ ಸಂಸಾರವಂದಿಗರು ಕಲಿಯಬೇಕಾದ ಪಾಠ ಒಂದು ದಂಪತಿಗಳ ಮನೆಯಲ್ಲಿದೆ. ಉಮಾ ಕುಲಕರ್ಣಿ ಮತ್ತು ವಿರೂಪಾಕ್ಷ ಕುಲಕರ್ಣಿ ಅವರ ಹೆಸರನ್ನು ಪುಣೆಯ ಕನ್ನಡಿಗರು ಕೇಳಿರದೆ ಇರುವುದಿಲ್ಲ. ಉಮಾ ಅವರು ಬೆಳಗಾವಿಯ ಮಗಳು, ಮನೆಮಾತು ಮರಾಠಿ. ವಿರೂಪಾಕ್ಷರು ಕನ್ನಡಿಗರು. ಮದುವೆಯಾಗಿ ಪುಣೆಯಲ್ಲಿ ಸಂಸಾರ ಹೂಡಿದರು. ಉಮಾ ಅವರಿಗೆ ಕನ್ನಡದ ಮಾತು ತಿಳಿಯುತ್ತಿತ್ತು, ಆದರೆ ಕನ್ನಡದ ಅಕ್ಷರ ಓದಲು ಬಾರದು. ಗಂಡ ಕನ್ನಡ ಕಾದಂಬರಿಯಲ್ಲಿ ಮುಳುಗಿದರೆ ಹೆಂಡತಿಗೆ ಆ ಬಾಗಿಲು ಮುಚ್ಚಿತ್ತು. ಇಂಥ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಸಾಮಾನ್ಯವಾಗಿ ಏನಾಗುತ್ತದೆ? ಅವನ ಪುಸ್ತಕ ಅವನಿಗೆ, ಇವಳ ಪುಸ್ತಕ ಇವಳಿಗೆ. ನಡುವೆ ಕಿರಾಣಿಯ ಲೆಕ್ಕ, ಮಕ್ಕಳ ಫೀಸಿನ ಮಾತು.

ಇವರು ಹಾಗೆ ಮಾಡಲಿಲ್ಲ. ವಿರೂಪಾಕ್ಷರು ಕನ್ನಡ ಕೃತಿಗಳನ್ನು ಗಟ್ಟಿಯಾಗಿ ಓದಿ ಹೇಳಿದರು. ನೌಕರಿಯಿಂದಾಗಿ ಎದುರು ಕುಳಿತು ಓದುವಷ್ಟು ಹೊತ್ತು ಸಾಲದಾದಾಗ ಓದನ್ನು ಟೇಪಿನಲ್ಲಿ ಮುದ್ರಿಸಿ ಇಟ್ಟರು. ಉಮಾ ಅವರು ಅದನ್ನು ಕೇಳಿ ಕೇಳಿ ಮರಾಠಿಯಲ್ಲಿ ಬರೆದರು. ಕಣ್ಣು ಒಬ್ಬರದು, ಕಿವಿ ಒಬ್ಬರದು, ಲೇಖನಿ ಒಬ್ಬರದು. ಹೀಗೆ ಶಿವರಾಮ ಕಾರಂತರು, ಎಸ್.ಎಲ್. ಭೈರಪ್ಪನವರು, ಪೂರ್ಣಚಂದ್ರ ತೇಜಸ್ವಿಯವರು, ಗಿರೀಶ ಕಾರ್ನಾಡರು ಒಬ್ಬೊಬ್ಬರಾಗಿ ಮರಾಠಿ ಓದುಗರ ಮನೆಗೆ ಬಂದರು. ‘ವಂಶವೃಕ್ಷ’ದ ಅನುವಾದಕ್ಕೆ 1989ರ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂತು. ‘ಪರ್ವ’ ಬಂತು, ‘ಮಂದ್ರ’ ಬಂತು, ‘ಕರ್ವಾಲೊ’ ಬಂತು. ಇತ್ತ ವಿರೂಪಾಕ್ಷರು ಮರಾಠಿಯ ಕೃತಿಗಳನ್ನು ಕನ್ನಡಕ್ಕೆ ತರತೊಡಗಿದರು. ಒಂದೇ ಮನೆಯಿಂದ ಎರಡೂ ಕಡೆಗೆ ಬಂಡಿ ಓಡಿತು. ಉಮಾ ಅವರು ತಮ್ಮ ಆತ್ಮಕಥನಕ್ಕೆ ‘ಸಂವಾದು ಅನುವಾದು’ ಎಂದು ಹೆಸರಿಟ್ಟದ್ದು ಎಷ್ಟು ಉಚಿತ!

ಈ ದಂಪತಿಗಳ ಕೈಯಲ್ಲಿದ್ದ ಬಂಡವಾಳವನ್ನು ಎಣಿಸಿ ನೋಡಿರಿ. ಎರಡು ಭಾಷೆಯ ಒಂದು ಮನೆ, ಕೆಲವು ಪುಸ್ತಕಗಳು, ಓದುವ ಒಂದು ದನಿ, ನೌಕರಿ ಮತ್ತು ಮನೆಗೆಲಸದಿಂದ ಉಳಿದ ಹೊತ್ತು, ಒಂದು ಟೇಪ್ ರೆಕಾರ್ಡರು. ಇವುಗಳಲ್ಲಿ ಯಾವುದು ನಮಗೆ ಸಿಕ್ಕದಂಥದು? ಇನ್ನೂ ಒಂದು ಸೂಕ್ಷ್ಮವಿದೆ. ಉಮಾ ಅವರಿಗೆ ಕನ್ನಡ ಲಿಪಿ ಬಂದಿದ್ದರೆ ಅವರು ಒಬ್ಬರೇ ಕುಳಿತು ಅನುವಾದ ಮಾಡುತ್ತಿದ್ದರೇನೋ. ಬಾರದ್ದರಿಂದ ಅದು ಇಬ್ಬರ ಕೆಲಸವಾಯಿತು, ಮನೆಯ ಕೆಲಸವಾಯಿತು. ಕೊರತೆಯೂ ಒಮ್ಮೊಮ್ಮೆ ಸಾಮಗ್ರಿಯ ಪಟ್ಟಿಯಲ್ಲಿಯೇ ಸೇರುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. “ಇದ್ದುದರಲ್ಲಿ ಸುಧಾರಿಸಿಕೊಂಡು ಹೋಗು” ಎಂಬ ಉಪದೇಶ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಆದರೆ ಅದು ಬೀಳುವುದು ಬಹುಶಃ ಒಬ್ಬರ ಕಿವಿಗೇ. ಹುಬ್ಬಳ್ಳಿಯಲ್ಲಿ ಶಿಕ್ಷಕಿಯಾಗಿದ್ದ ಹೆಣ್ಣುಮಗಳು ಮದುವೆಯಾಗಿ ಪುಣೆಗೆ ಬಂದು, ಮರಾಠಿ ಬಾರದೆಂದು ಕೆಲಸ ಬಿಟ್ಟು, ನಾಲ್ಕು ಗೋಡೆಯೊಳಗೆ ಸುಧಾರಿಸಿಕೊಳ್ಳುತ್ತಾಳೆ. ಗಂಡನಿಗೆ ಕಚೇರಿಯಿದೆ, ಮಕ್ಕಳಿಗೆ ಶಾಲೆಯಿದೆ, ಅವಳಿಗೆ ಸುಧಾರಿಸಿಕೊಳ್ಳುವುದಿದೆ. ಮಗ ಕರೆದನೆಂದು ಊರು ಬಿಟ್ಟು ಬಂದ ಮುದುಕರ ಪಾಡೂ ಅದೇ. ಏಳನೆಯ ಮಾಳಿಗೆಯ ಕಿಟಕಿಯ ಹತ್ತಿರ ಕುಳಿತು, ಮಾತು ತಿಳಿಯದ ಊರನ್ನು ನೋಡುತ್ತ ಅವರೂ ಸುಧಾರಿಸಿಕೊಳ್ಳುತ್ತಾರೆ. ನಾವು ಹೇಳುತ್ತಿರುವುದು ಇದನ್ನಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬುದು ಖರ್ಚಿನ ಮಟ್ಟಿಗೆ ಒಳ್ಳೆಯ ಮಾತು, ಆದರೆ ಮನುಷ್ಯನ ಬುದ್ಧಿಯನ್ನೂ ಆಸೆಯನ್ನೂ ಮುದುಡಿ ಮಲಗಿಸುವುದಕ್ಕೆ ಅದನ್ನು ಬಳಸಬಾರದು. ಕುಲಕರ್ಣಿಯವರ ಮನೆಯಲ್ಲಿ ಹೆಂಡತಿ ಸುಧಾರಿಸಿಕೊಳ್ಳಲಿಲ್ಲ. ಗಂಡ ಕುಳಿತು ಓದಿದರು. ವ್ಯತ್ಯಾಸವಿರುವುದು ಅಲ್ಲಿ. ಸಾಮಗ್ರಿ ಕಡಿಮೆಯಿದ್ದಾಗ ಹೆಗಲುಗಳು ಹೆಚ್ಚಾಗಬೇಕು. ಒಬ್ಬರ ತಲೆಯ ಮೇಲೆಯೇ ಹೊರಿಸಿದರೆ ಅದಕ್ಕೆ ಬಾಳು ಕಟ್ಟುವುದೆನ್ನಲಾಗದು, ಭಾರ ಹೊರುವುದೆನ್ನಬೇಕು.

ಹಾಗಾದರೆ ನಮ್ಮ ಮನೆಯಲ್ಲಿ ಏನಿದೆ ಎಂದು ಒಮ್ಮೆ ನೋಡೋಣ.

ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದಾರೆಯೇ? ಅವರಿಗೆ ಕನ್ನಡ ಓದಲು ಬರುತ್ತದೆ, ಹೊತ್ತು ಹೋಗುವುದಿಲ್ಲ. ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಇದು ಕುಲಕರ್ಣಿ ದಂಪತಿಗಳ ಕಥೆಯೇ, ಪಾತ್ರಗಳು ಮಾತ್ರ ಬೇರೆ. ಅಜ್ಜಿ ದಿನಕ್ಕೆ ನಾಲ್ಕು ಪುಟ ಓದಲಿ. ಸಂಜೆ ಹುಡುಗಿಗೆ ಪಾಠವಿದ್ದರೆ ಮೊಬೈಲಿನಲ್ಲಿ ಓದಿ ಮುದ್ರಿಸಿ ಇಡಲಿ. ಹುಡುಗಿ ಕೇಳಿ ತನಗೆ ಬಂದ ಭಾಷೆಯಲ್ಲಿ ಬರೆಯಲಿ, ಮರಾಠಿಯೋ ಇಂಗ್ಲಿಷೋ ಯಾವುದಾದರೂ ಸರಿ. ತಿಳಿಯದ ಶಬ್ದ ಬಂದಾಗ ಅವಳು ಅಜ್ಜಿಯ ಬಳಿಗೆ ಓಡಿ ಬರುತ್ತಾಳಲ್ಲ, ಅಷ್ಟರಿಂದಲೇ ಕಿಟಕಿಯ ಹತ್ತಿರದ ಆ ಕುರ್ಚಿ ಮನೆಯ ಮಧ್ಯಕ್ಕೆ ಬರುತ್ತದೆ. ಲಿಪಿ ಕಲಿಸಬೇಡಿರೆಂದು ಇದರ ಅರ್ಥವಲ್ಲ, ಕಲಿಸಲೇಬೇಕು. ಅದಕ್ಕೆಂದೇ ಇಲ್ಲಿಯ ಹಿರಿಯರು ಸಂಘ ಕಟ್ಟಿದರು, ಡಾ. ಶಾಮರಾವ್ ಕಲ್ಮಾಡಿಯವರ ಹೆಸರಿನ ಶಾಲೆಯನ್ನು ನಿಲ್ಲಿಸಿದರು. ಲಿಪಿ ಬರುವವರೆಗೆ ಕಥೆ ಕಾಯಬಾರದೆಂದಷ್ಟೇ ನಮ್ಮ ಮಾತು.

ಮಕ್ಕಳಿಗೆ ಶಾಲೆಯಲ್ಲಿ ಮರಾಠಿ ಕಡ್ಡಾಯವೆಂದು ಗೊಣಗುವ ತಂದೆತಾಯಿಗಳಿದ್ದಾರೆ. ಅದನ್ನೂ ಸಾಮಗ್ರಿಯಾಗಿ ನೋಡಿರಿ. ಮರಾಠಿಯ ‘ತೂಪ’ ನಮ್ಮ ತುಪ್ಪ. ‘ಅಡಕಿತ್ತಾ’ ನಮ್ಮ ಅಡಕೊತ್ತು. ‘ಅಣ್ಣಾ’, ‘ಅಕ್ಕಾ’ಗಳನ್ನಂತೂ ಹೇಳುವುದೇ ಬೇಡ. ನೆರೆಮನೆಯ ಕಾಕೂ ಜೊತೆಗೆ ಕುಳಿತು ಇಂಥ ಶಬ್ದಗಳನ್ನು ಹೆಕ್ಕುವ ಆಟ ಆಡಿಸಿದರೆ ಮಗು ಎರಡೂ ಭಾಷೆಗಳನ್ನು ತನ್ನದೆಂದುಕೊಳ್ಳುತ್ತದೆ. ಸಂಕ್ರಾಂತಿಗೆ ಅವರು ತಿಳಗೂಳ ಕೊಡುತ್ತಾರೆ, ನಾವು ಎಳ್ಳುಬೆಲ್ಲ ಕೊಡುತ್ತೇವೆ. ತಟ್ಟೆ ಬದಲಾದಾಗ ಒಳಗಿರುವುದು ಎಳ್ಳು ಮತ್ತು ಬೆಲ್ಲವೇ. ಮರಾಠಿ ಬಾರದೆ ಮನೆಯಲ್ಲಿ ಉಳಿದ ಆ ಶಿಕ್ಷಕಿಗೂ ಇಲ್ಲಿ ಒಂದು ದಾರಿಯಿದೆ. ಕಾಕೂ ಅವಳಿಗೆ ಮರಾಠಿ ಕಲಿಸಲಿ. ಅವಳು ಓಣಿಯ ಕನ್ನಡ ಮಕ್ಕಳಿಗೆ ವಾರಕ್ಕೆ ಎರಡು ದಿನ ಅಕ್ಷರ ಕಲಿಸಲಿ. ಆ ಎರಡು ದಿನ ಸಂಜೆಯ ಅಡಿಗೆ ಮನೆಯ ಯಜಮಾನರ ಪಾಲಿಗಿರಲಿ. ಅನ್ನ ಸ್ವಲ್ಪ ಮುದ್ದೆಯಾದರೂ ಚಿಂತೆಯಿಲ್ಲ.

ಯಾವ ಊರೂ ನಾವು ಬೇಡಿದ್ದನ್ನು ಕೊಡುವುದಿಲ್ಲ, ತನ್ನಲ್ಲಿದ್ದುದನ್ನು ಕೊಡುತ್ತದೆ. ಪುಣೆ ಆಲೂರರಿಗೆ ಒಂದು ಕಾಲೇಜನ್ನು ಕೊಟ್ಟಿತು, ಭೀಮಸೇನರಿಗೆ ಅಭಂಗವನ್ನು ಕೊಟ್ಟಿತು, ಶೆಟ್ಟರಿಗೆ ಹಸಿದ ಕಾಲೇಜು ಹುಡುಗರನ್ನು ಕೊಟ್ಟಿತು, ಕುಲಕರ್ಣಿ ದಂಪತಿಗಳಿಗೆ ಓದುವ ಚಪಲವುಳ್ಳ ಮರಾಠಿ ನೆರೆಯವರನ್ನು ಕೊಟ್ಟಿತು. ಉಳಿದದ್ದನ್ನು ಅವರು ಊರಿನಿಂದ ತಂದಿದ್ದರು. ನಾವೂ ಬರಿಗೈಯಲ್ಲಿ ಬಂದವರಲ್ಲ.

ಊರಿಗೆ ಹೋಗೋಣ, ಬೇಡವೆಂದವರು ಯಾರು? ಜಾತ್ರೆಗೆ ಹೋಗೋಣ, ಮದುವೆಗೆ ಹೋಗೋಣ, ನಿವೃತ್ತಿಯಾದ ಮೇಲೆ ಮನಸ್ಸಿದ್ದರೆ ಅಲ್ಲಿಯೇ ಇರೋಣ. ಆದರೆ ಮುಂದಿನ ಸಂಚಿಕೆ ನಿಮ್ಮ ಕೈಸೇರುವುದರೊಳಗೆ ಮೂರು ತಿಂಗಳಿವೆ. ಊರಿಗೆ ಹೋದ ಮೇಲೆ ಎಂದು ತೆಗೆದಿಟ್ಟ ಕೆಲಸಗಳಲ್ಲಿ ಒಂದನ್ನು ಈ ಮೂರು ತಿಂಗಳಲ್ಲಿ, ಈ ಮನೆಯಲ್ಲಿಯೇ, ಮನೆಯ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಆರಂಭಿಸಿ ನೋಡಿರಿ.